ಹೊರೇಸ್ ಲಂಬ್ ನಗು ತೂಗಿದ್ದು

ನಮ್ಮೂರು ಥಾರ್ನ್‌ಬ್ರಿಗ್‌ನಲ್ಲಿ ಒಂದು ಜೋಕಿಗೆ ಎರಡು ಸಲ ನಗುವ ಪದ್ಧತಿಯಿಲ್ಲ. ಚೆನ್ನಾಗಿದ್ದರೆ ಒಮ್ಮೆ ನಗುತ್ತೇವೆ, ಅಲ್ಲಿಗೆ ಅದರ ಋಣ ತೀರಿತು. ಅದೇ ಜೋಕನ್ನು ಇನ್ನೊಮ್ಮೆ ಹೇಳಿದವನನ್ನು, ಪಾಪ ಇವನಿಗೆ ಹುಷಾರಿಲ್ಲವೇನೋ ಎಂಬಂತೆ ನೋಡುತ್ತೇವೆ. ಯಾರ್ಕ್‌ಷೈರಿನ ಬೇರೆ ಊರುಗಳಲ್ಲೂ ಹೀಗೇ ಎನ್ನುತ್ತಾರೆ. ಆದರೆ ನಮ್ಮಷ್ಟು ಕಟ್ಟುನಿಟ್ಟು ಅವರಿಗೆ ಬಂದಿಲ್ಲ. ಮೂವತ್ತು ವರ್ಷ ಈ ಊರಿನಲ್ಲಿ ಕ್ಷೌರದಂಗಡಿ ನಡೆಸಿ, ಗಿರಾಕಿಗಳಿಗಾಗಿ ದಿನಕ್ಕೊಂದು ಹೊಸ ಮಾತು ಹುಡುಕಿ ಹುಡುಕಿ ನನ್ನ ತಲೆಯೇ ಬೋಳಾಗಿದೆ. ಆದ್ದರಿಂದ ಈ ವಿಷಯದಲ್ಲಿ ನೀವು ನನ್ನನ್ನು ನಂಬಬಹುದು.

ನನ್ನ ಗೆಳೆಯ ಹೊರೇಸ್ ಲಂಬ್ ಜಿಲ್ಲೆಯ ತೂಕ ಮತ್ತು ಅಳತೆ ಇನ್ಸ್‌ಪೆಕ್ಟರ್ ಆಗಿದ್ದವನು. ಅವನು ಬೀದಿಗೆ ಕಾಲಿಟ್ಟರೆ ಅಂಗಡಿಯವರು ತಕ್ಕಡಿಯ ಮೇಲಿದ್ದ ಹೆಬ್ಬೆರಳು ತೆಗೆಯುತ್ತಿದ್ದರು. ಹೆಬ್ಬೆರಳು ಇಡದವರೂ ತೆಗೆಯುತ್ತಿದ್ದರು. ಅಂಥವನು ನಿವೃತ್ತನಾದ. ಕೆಲಸವಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದ ಎಂಬ ಗಾದೆಯನ್ನು ಕಟ್ಟಿದವರು ನಿವೃತ್ತ ಇನ್ಸ್‌ಪೆಕ್ಟರನ್ನು ನೋಡಿರಲಿಲ್ಲ. ಮೂರನೆಯ ತಿಂಗಳಿಗೆ ಅವನ ಹೆಂಡತಿ ಈಡಿತ್ ನನ್ನ ಅಂಗಡಿಯ ಬಾಗಿಲಿಗೆ ಬಂದು ನಿಂತಳು.

"ವಾಲ್ಟರ್, ನಿನ್ನ ಸ್ನೇಹಿತರನ್ನ ದಿನಕ್ಕೆ ನಾಲ್ಕು ಗಂಟೆ ಆದ್ರೂ ಇಲ್ಲಿ ಕೂರಿಸ್ಕೋಪ್ಪ. ನಿನ್ನೆ ನಾನು ಸುಟ್ಟ ಬ್ರೆಡ್ಡು ತೂಗಿ ಮುಕ್ಕಾಲು ಔನ್ಸ್ ಕಮ್ಮಿ ಅಂದ್ರು. ನನ್ನ ಮನೆ ಒಲೆ, ನನ್ನ ಕೈ, ತಿನ್ನೋರು ಅವ್ರು. ಕೇಸು ಯಾರ ಮೇಲೆ ಹಾಕ್ತಾರಂತೆ?"

"ಅವನ ತಲೇಲಿ ಕೂದಲೇ ಇಲ್ವಲ್ಲ ಈಡಿತ್."

"ಮೀಸೆ ಇದೆಯಲ್ಲ. ಒಂದೊಂದೇ ಎಳೆ ಕತ್ತರಿಸು. ಅವಸರ ಏನಿಲ್ಲ."

ಇಂಥ ಹೊತ್ತಿನಲ್ಲಿ ಅವರ ಮಗಳು ಬ್ರೆಂಡಾ ನೆವಿಲ್ ಎಂಬ ಹುಡುಗನನ್ನು ಮೆಚ್ಚಿದಳು. ನೆವಿಲ್ ಕಾರ್ಪೆಟ್ ಗಿರಣಿಯ ಕಚೇರಿಯಲ್ಲಿ ಗುಮಾಸ್ತ. ಸಂಜೆಯ ಹೊತ್ತು ಕೂತು ನಗೆ ನಾಟಕ ಬರೆಯುತ್ತಿದ್ದ. ಒಬ್ಬ ವಿಧವೆ, ಅವಳ ಮನೆಯಲ್ಲಿ ಬಾಡಿಗೆಗಿರುವ ಮೂವರು ಗಂಡಸರು, ಇಷ್ಟೇ ಕಥೆ. ಮ್ಯಾಂಚೆಸ್ಟರಿನ ಒಂದು ಟೆಲಿವಿಷನ್ ಕಂಪನಿ ಅದನ್ನು ಒಪ್ಪಿಕೊಂಡು, ಮೊದಲು ಒಂದೇ ಒಂದು ಕಂತು ಮಾಡುತ್ತೇವೆ, ಪ್ರೇಕ್ಷಕರು ನಕ್ಕರೆ ಇನ್ನೂ ಆರು ಬರೆಸುತ್ತೇವೆ, ನಗದಿದ್ದರೆ ನಮಸ್ಕಾರ ಎಂದಿತು. ಹೊರೇಸ್ ಕೂಡ ಅದೇ ಮಾತನ್ನು ಹಿಡಿದುಕೊಂಡ. "ನಗೆ ಮಾರಿ ಸಂಸಾರ ನಡೆಸ್ತೀನಿ ಅನ್ನೋನು ಮೊದಲು ಆ ಆರು ಕಂತು ತಂದು ತೋರಿಸ್ಲಿ. ಆಮೇಲೆ ಚರ್ಚಿಗೆ ಹೋಗಿ ಮದುವೆಗೆ ದಿನ ಕೇಳೋಣ," ಎಂದುಬಿಟ್ಟ. ನೆವಿಲ್ ಗಿರಣಿ ಬಿಟ್ಟ. ಗಿರಣಿಯ ಮ್ಯಾನೇಜರು ಒಳ್ಳೆಯ ಮನುಷ್ಯ. ನೆವಿಲ್‌ನ ಕುರ್ಚಿಯನ್ನು ರೆಕಾರ್ಡಿಂಗ್ ಆದ ಮರು ಸೋಮವಾರದವರೆಗೆ ಖಾಲಿ ಇಟ್ಟಿರುತ್ತೇನೆ ಎಂದ. ನಿನ್ನ ನಾಟಕ ಬಿದ್ದೇ ಬೀಳುತ್ತದೆ ಎಂದು ಇದಕ್ಕಿಂತ ಮರ್ಯಾದೆಯಾಗಿ ಹೇಳುವುದು ಸಾಧ್ಯವಿಲ್ಲ.

ಮಾವನಾಗುವವನ ಮನಸ್ಸು ಗೆಲ್ಲೋಣವೆಂದು ನೆವಿಲ್ ಒಂದು ಭಾನುವಾರ ಚಹಾ ಕುಡಿದು ಏಳುವಾಗ ನಾಟಕದ ಪ್ರತಿಯನ್ನು ಮೇಜಿನ ಮೇಲಿಟ್ಟು, "ಬಿಡುವಾದಾಗ ಒಂದು ಸಲ ಕಣ್ಣಾಡಿಸಿ ಸರ್, ಏನನ್ನಿಸ್ತು ಹೇಳಿ," ಎಂದ. ನಮ್ಮ ದೇಶದಲ್ಲಿ ಈ ಮಾತಿಗೆ, ಓದಬೇಡಿ, ಚೆನ್ನಾಗಿದೆ ಅಂದುಬಿಡಿ ಎಂದು ಅರ್ಥ. ಹಾಲು ಕುಡಿಯುವ ಮಗುವಿಗೂ ಇದು ಗೊತ್ತು. ಆದರೆ ಹೊರೇಸ್ ಮೂವತ್ತೇಳು ವರ್ಷ ಸರ್ಕಾರಿ ನೌಕರಿ ಮಾಡಿದವನು. ಅವನ ಕೈಗೆ ಕಾಗದ ಕೊಟ್ಟರೆ ಅದು ಆದೇಶ. ಮರುದಿನ ಬೆಳಿಗ್ಗೆ ಮೀಸೆ ಕತ್ತರಿಸಿಕೊಳ್ಳಲು ಬಂದವನ ಕೈಯಲ್ಲಿ ಹೊಸ ನೋಟುಬುಕ್ಕಿತ್ತು.

"ವಾಲ್ಟರ್, ಟೆಲಿವಿಷನ್‌ನೋರು ನನ್ನ ಸಲಹೆ ಕೇಳಿದಾರೆ," ಎಂದ, ಗಂಟಲು ಸರಿಮಾಡಿಕೊಂಡು.

"ಟೆಲಿವಿಷನ್‌ನೋರಾ, ನಿನ್ನ ಅಳಿಯಾನಾ?"

"ಎಲ್ಲಾ ಒಂದೇ. ನಲವತ್ತಾರು ಜೋಕಿವೆ. ಒಂದೊಂದನ್ನೂ ಪರೀಕ್ಷೆ ಮಾಡಿ ಮುದ್ರೆ ಒತ್ತಬೇಕು. ಈಗ ಅಲ್ಲಾಡಬೇಡ, ಇದನ್ನ ಕೇಳು. ಬಾಡಿಗೆದಾರ ಮನೆಯೊಡತೀನ ಕೇಳ್ತಾನೆ, ಈ ಮೊಟ್ಟೆ ತಾಜಾನಾ ಅಂತ. ಅವಳು ಹೇಳ್ತಾಳೆ, ಅದು ಕಳೆದುಹೋಗಿರೋದು ಕೋಳಿಗೇ ಇನ್ನೂ ಗೊತ್ತಿಲ್ಲ ಅಂತ."

ಜೋಕು ಕೆಟ್ಟದ್ದಲ್ಲ. ಆದರೆ ಅವನು ಹೇಳಿದ ರೀತಿ ಇತ್ತಲ್ಲ, ಕೋರ್ಟಿನಲ್ಲಿ ಆರೋಪಪಟ್ಟಿ ಓದಿದಂತಿತ್ತು. ನನ್ನ ಮೂಗಿನಿಂದ ಒಂದಿಷ್ಟು ಗಾಳಿ ಹೊರಬಂತು. ಅವನು ಬರೆದುಕೊಂಡ.

"ಸ್ವಲ್ಪ ರಸವತ್ತಾಗಿ ಹೇಳಬಾರದೇನಯ್ಯಾ?"

"ಹಾಗೆ ಹೇಳಿದ್ರೆ ತಕ್ಕಡಿ ಮೇಲೆ ನಾನೇ ಬೆರಳಿಟ್ಟ ಹಾಗಲ್ವಾ? ಜೋಕು ತನ್ನ ತೂಕದಲ್ಲಿ ತಾನೇ ನಿಲ್ಲಬೇಕು."

ಅಲ್ಲಿಂದ ಶುರುವಾಯಿತು. ಬಸ್ಸಿಗೆ ಕಾಯುವವರು, ಅಂಚೆ ಕಚೇರಿಯಲ್ಲಿ ಪಿಂಚಣಿಗೆ ನಿಂತವರು, ಗ್ರಂಥಾಲಯದಲ್ಲಿ ಬಾಯಿಬಿಡಲಾಗದೆ ಕೂತವರು, ಯಾರನ್ನೂ ಹೊರೇಸ್ ಬಿಡಲಿಲ್ಲ. ಎದುರಿಗೆ ಬಂದು ನಿಂತು, ಗಡಿಯಾರ ನೋಡಿ, ಜೋಕು ಹೇಳಿ, ಮುಖ ನೋಡಿ ಬರೆದುಕೊಂಡು ಧನ್ಯವಾದ ಹೇಳಿ ಹೋಗುವನು. ನೋಟುಬುಕ್ಕಿನಲ್ಲಿ ನಾಲ್ಕು ಅಂಕಣಗಳು: ಪೂರ್ತಿ ನಗು, ಅರ್ಧ ನಗು, ಮೂಗಿನ ನಗು, ಏನೂ ಇಲ್ಲ. ನಮ್ಮ ಮೀನು-ಚಿಪ್ಸ್ ಅಂಗಡಿಯ ಡೋರಿಸ್ ಟಾಲ್ಬಟ್ ಇದ್ದಾಳಲ್ಲ, ಅವಳ ನಗು ಮೂರು ಬೀದಿಗೆ ಕೇಳಿಸುತ್ತದೆ. ಮೊಟ್ಟೆಯಿಟ್ಟ ಕೋಳಿಯ ಕೂಗಿನಲ್ಲಿ ಶುರುವಾಗಿ ಕೊನೆಗೆ ಕೆಮ್ಮಿನಲ್ಲಿ ಮುಗಿಯುವ ನಗು. ಹೊರೇಸ್ ಅವಳ ಅಂಗಡಿಯ ಸಾಲಿಗೆ ದಿನಾ ಹಾಜರಾಗತೊಡಗಿದ. ಜನ ಚಿಪ್ಸಿಗಿಂತ ಜೋಕಿಗೇ ಬರುವಂತಾಯಿತು.

ಒಂದು ದಿನ ಹಿರಿಯರೊಬ್ಬರ ಶವಸಂಸ್ಕಾರದ ನಂತರದ ಚಹಾ ಕೂಟದಲ್ಲೂ ಅವನು ನೋಟುಬುಕ್ಕು ತೆಗೆದ. ಪಾದ್ರಿ ಹೆಪ್‌ವರ್ತ್ ಅವರು ಓಡಿ ಬಂದು ತೋಳು ಹಿಡಿದುಕೊಂಡರು.

"ಲಂಬ್ ಅವರೇ, ಇದು ಸಾವಿನ ಮನೆ."

"ಅದಕ್ಕೇ ಬಂದೆ ಪಾದ್ರಿಗಳೇ. ಇಲ್ಲಿ ನಗಿಸಿದ ಜೋಕು ಎಲ್ಲಾ ಹವಾಮಾನಕ್ಕೂ ತಡೀತದೆ. ಬಾಡಿಗೆದಾರ ಅಲಮಾರಿ ಒಳಗೆ ಕೂತು ತುತ್ತೂರಿ ಊದ್ತಾನೆ. ಮನೆಯೊಡತಿ ಹೇಳ್ತಾಳೆ, ಊದಪ್ಪ ಊದು, ನನ್ನ ಉಣ್ಣೆ ಕೋಟಿಗೆ ಹಿಡಿದಿದ್ದ ಹುಳ ಎಲ್ಲಾ ನಿನ್ನೆ ಸಂಜೆ ಮನೆ ಖಾಲಿ ಮಾಡಿದ್ವು ಅಂತ."

ಸತ್ತವರ ಹೆಂಡತಿ ನಕ್ಕುಬಿಟ್ಟರು. ಆಮೇಲೆ ಅತ್ತರು, ಆಮೇಲೆ ಇನ್ನೊಂದು ಹೇಳಿ ಎಂದರು. ಹೊರೇಸ್ ಮೊಟ್ಟೆಯದನ್ನು ಹೇಳಿದ. ಪಾದ್ರಿಗಳು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಕಿಟಕಿಯತ್ತ ತಿರುಗಿ ನಿಂತರು. ಅವರ ಭುಜ ಅಲುಗುವುದನ್ನು ಹೊರೇಸ್ ನೋಡಿದ, ಬರೆದುಕೊಂಡ.

ಒಟ್ಟಿನಲ್ಲಿ ಆರು ವಾರದಲ್ಲಿ ನಲವತ್ತಾರು ಜೋಕುಗಳೂ ಊರಿನ ಪ್ರತಿಯೊಬ್ಬರ ಕಿವಿಗೂ ಬಿದ್ದಿದ್ದವು. ಇದು ಗೊತ್ತಿಲ್ಲದವರು ಇಬ್ಬರೇ. ಮ್ಯಾಂಚೆಸ್ಟರಿನಲ್ಲಿ ಹಗಲೆಲ್ಲ ತಾಲೀಮು ನೋಡುತ್ತ ಅಲ್ಲೇ ಉಳಿದುಕೊಂಡಿದ್ದ ನೆವಿಲ್, ಮತ್ತು ಶನಿವಾರ ಭಾನುವಾರ ಅವನ ಜೊತೆಗಿರಲು ಹೋಗುತ್ತಿದ್ದ ಬ್ರೆಂಡಾ. ಉಳಿದ ದಿನ ಅವಳು ಊರಿನಲ್ಲೇ ಇದ್ದಳು ನಿಜ. ಆದರೆ ಅಪ್ಪ ಹುಚ್ಚು ಹುಚ್ಚಾಗಿ ಏನೋ ಬರೆದುಕೊಳ್ಳುತ್ತಿದ್ದರೆ ಯಾವ ಮಗಳು ತಾನೇ ಏನೆಂದು ಕೇಳುತ್ತಾಳೆ?

ಹೊಸ ಲೇಖಕ, ಹೆಸರಿಲ್ಲದ ನಾಟಕ. ರೆಕಾರ್ಡಿಂಗ್ ನೋಡಲು ಪುಕ್ಕಟೆ ಟಿಕೆಟ್ ಕೊಟ್ಟರೂ ಮ್ಯಾಂಚೆಸ್ಟರಿನ ಜನ ಬರುವುದಿಲ್ಲ ಎಂದು ನೆವಿಲ್‌ಗೆ ನಿದ್ದೆ ಹೋಗಿತ್ತು. ನೂರೈವತ್ತು ಸೀಟು ತುಂಬಬೇಕು. ಆಗ ಬ್ರೆಂಡಾ ಸೊಂಟ ಕಟ್ಟಿ ನಿಂತು, "ನಮ್ಮೂರೋರನ್ನೇ ಕರ್ಕೊಂಡು ಬರ್ತೀನಿ ಬಿಡು. ಏನಾದ್ರೂ ಆಗ್ಲಿ, ನಮ್ಮೋರು ನಮ್ಮೋರು. ಹೊಟ್ಟೆ ತುಂಬಾ ನಗ್ತಾರೆ," ಎಂದಳು. ಮೂರು ಬಸ್ಸು ಗೊತ್ತುಮಾಡಿದಳು. ಅಷ್ಟೂ ಪ್ರೀತಿಯಿಂದ ಮಾಡಿದ ಕೆಲಸ.

ಸ್ಟುಡಿಯೋದಲ್ಲಿ ನಾವೆಲ್ಲ ಮೆಟ್ಟಿಲು ಮೆಟ್ಟಿಲಾಗಿದ್ದ ಸೀಟುಗಳಲ್ಲಿ ಕೂತೆವು. ಎದುರಿಗೆ ವಿಧವೆಯ ಅಡುಗೆಮನೆ, ಪಕ್ಕದಲ್ಲಿ ಮಲಗುವ ಕೋಣೆ, ಎರಡಕ್ಕೂ ಮೂರು ಮೂರೇ ಗೋಡೆ. ನಮ್ಮ ತಲೆಯ ಮೇಲೆ ಸಾಲಾಗಿ ಮೈಕುಗಳು ತೂಗುತ್ತಿದ್ದವು. ಥಳಥಳ ಕೋಟಿನವನೊಬ್ಬ ಬಂದು, "ಆ ಮೈಕುಗಳೆಲ್ಲ ನಿಮ್ಮ ನಗೂಗೇ ಅಂತ ಇಟ್ಟಿರೋದು. ನಾಟಕ ಒಂದು ಟೇಪು, ನಿಮ್ಮ ನಗು ಇನ್ನೊಂದು ಟೇಪು. ಸುಳ್ಳು ನಗು ಬೇಡ, ಮನಸ್ಸಿಗೆ ಬಂದ ಹಾಗೆ ನಕ್ಕರೆ ಸಾಕು," ಎಂದ. ಹೊರೇಸ್ ಮೆಚ್ಚಿ ತಲೆದೂಗಿದ.

ನಾಟಕ ಶುರುವಾಯಿತು. ಬಾಡಿಗೆದಾರ ಮೊಟ್ಟೆ ಎತ್ತಿ ಹಿಡಿದು, ಇದು ತಾಜಾನಾ ಎಂದು ಕೇಳಿದ. ವಿಧವೆ ಬಾಯಿ ತೆರೆಯುವ ಮೊದಲೇ ನಾಲ್ಕನೆಯ ಸಾಲಿನಿಂದ ಯಾರೋ, "ಕೋಳಿಗೇ ಇನ್ನೂ ಗೊತ್ತಿಲ್ಲ," ಎಂದರು. ವಿಧವೆಯ ಪಾತ್ರದವಳು ತಬ್ಬಿಬ್ಬಾದರೂ ಮಾತು ಹೇಳಿ ಮುಗಿಸಿದಳು. ನೂರೈವತ್ತು ಜನ ಒಟ್ಟಿಗೆ ತಲೆಯಾಡಿಸಿದರು, ಪ್ರಾರ್ಥನಾ ಮಂದಿರದಲ್ಲಿ ಗೊತ್ತಿರುವ ವಚನ ಕೇಳಿಸಿಕೊಂಡಾಗ ಆಡಿಸುವ ಹಾಗೆ. ಒಂದು ಹಲ್ಲೂ ಕಾಣಲಿಲ್ಲ. ಎರಡನೆಯ ಜೋಕಿಗೂ ಅಷ್ಟೇ, ಹತ್ತನೆಯದಕ್ಕೂ ಅಷ್ಟೇ. ತುತ್ತೂರಿಯ ಜೋಕಿಗೆ ಮಾತ್ರ, ಸತ್ತವರ ಹೆಂಡತಿ ಕಣ್ಣೊರೆಸಿಕೊಂಡರು.

ಮೇಲಿನ ಗಾಜಿನ ಕೋಣೆಯಿಂದ ನಿರ್ಮಾಪಕ ಆರ್ಡ್ ಎಂಬವನು ಮೆಟ್ಟಿಲಿಳಿದು ಬಂದ. ಕುರಿಯ ತುಪ್ಪಳದ ಕೋಟು, ಬೆವರಿದ ಹಣೆ.

"ಇವರಿಗೆ ಕಿವಿ ಕೇಳಿಸ್ತದಾ?" ಎಂದು ನೆವಿಲ್‌ನನ್ನು ಕೇಳಿದ.

"ಕೇಳಿಸ್ತದೆ ಸರ್," ಎಂದ ನೆವಿಲ್. ಅವನ ಮುಖ ಸುಣ್ಣ ಬಳಿದಂತಿತ್ತು.

ಡೋರಿಸ್‌ಗೆ ಸಿಟ್ಟು ಬಂತು. "ಕಿವಿ ಚೆನ್ನಾಗೇ ಇದೆ ಕಣಯ್ಯಾ. ಜೋಕೂ ಚೆನ್ನಾಗಿದೆ. ಹೋದ ತಿಂಗಳು ನಮ್ಮ ಅಂಗಡೀಲಿ ಕೇಳಿದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು."

"ಹಾಗಾದ್ರೆ ಈಗ ಯಾಕಮ್ಮ ನಗಲಿಲ್ಲ?"

"ಆಗ್ಲೇ ನಕ್ಕಿದೀನಲ್ಲ. ಮತ್ತೆ ಯಾಕೆ ನಗಬೇಕು? ಅದೇನು ಬೇರೆ ಕೋಳಿನಾ?"

ಬ್ರೆಂಡಾ ನಿಧಾನವಾಗಿ ತಿರುಗಿ ಅಪ್ಪನನ್ನು ನೋಡಿದಳು. ಹೊರೇಸ್ ಎದ್ದು ನಿಂತ. ತಪ್ಪು ಮಾಡಿದವನು ಮಾಡಿದ ಜಾಗದಲ್ಲೇ ಒಪ್ಪಿಕೊಳ್ಳಬೇಕು ಎಂದು ಎಷ್ಟೋ ಅಂಗಡಿಯವರಿಗೆ ಬುದ್ಧಿ ಹೇಳಿದವನು ಅವನು. ನೋಟುಬುಕ್ಕು ತೆಗೆದು, ಕನ್ನಡಕ ಏರಿಸಿ, ಅದೇ ಆರೋಪಪಟ್ಟಿಯ ದನಿಯಲ್ಲಿ ಶುರುಮಾಡಿದ.

"ನಿರ್ಮಾಪಕರೇ, ಈ ಜನರದ್ದು ಏನೂ ತಪ್ಪಿಲ್ಲ. ಸರಕನ್ನ ಮೊದಲೇ ನಾನು ಹಂಚಿಬಿಟ್ಟಿದೀನಿ. ದಾಖಲೆ ಓದ್ತೀನಿ, ದಯವಿಟ್ಟು ಗಮನ ಇಡಿ. ಜೋಕು ಒಂದು, ಮೊಟ್ಟೆ. ಡೋರಿಸ್ ಟಾಲ್ಬಟ್, ಜೋಕು ಹೇಳೋ ಮೊದಲೇ ನಕ್ಕರು. ಮಾದರಿ ತಿರಸ್ಕೃತ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ಕ್ಷೌರಿಕ ವಾಲ್ಟರ್, ಮೂಗಿನ ನಗು. ನೆಗಡಿಯೂ ಇರಬಹುದು, ಸಂಶಯದ ಲಾಭ ಕೊಡಲಾಗಿದೆ. ಪಾದ್ರಿ ಹೆಪ್‌ವರ್ತ್, ಕಿಟಕಿ ಕಡೆ ತಿರುಗಿ ಹನ್ನೊಂದು ಸೆಕೆಂಡು ನಕ್ಕರು, ಕೇಳಿದ್ದಕ್ಕೆ ಪ್ರಾರ್ಥನೆ ಮಾಡ್ತಿದ್ದೆ ಅಂದ್ರು."

ಅಷ್ಟೇ. ಡೋರಿಸ್‌ಳ ಕೋಳಿ ಕೂಗಿತು. ಅವಳ ಹಿಂದೆ ಮೂರು ಬಸ್ಸಿನ ಜನವೂ ನಕ್ಕರು. ಪಾದ್ರಿಗಳು ಈ ಸಲ ತಿರುಗಿಕೊಳ್ಳಲು ಕಿಟಕಿಯಿಲ್ಲದೆ ಎಲ್ಲರೆದುರಿಗೇ ನಕ್ಕರು.

"ಇದು ನಗೋ ವಿಷಯ ಅಲ್ಲ," ಎಂದ ಹೊರೇಸ್, ಕೆಂಪಗಾಗಿ. ಸ್ಟುಡಿಯೋ ಹಾರಿಹೋಗುವಂತೆ ನಗು ಎದ್ದಿತು. "ಒಬ್ಬ ಹುಡುಗನ ಬದುಕಿನ ಪ್ರಶ್ನೆ. ಜೋಕು ಎರಡು. ಪೋಸ್ಟ್‌ಮ್ಯಾನ್, ಅರ್ಧ ನಗು. ಉಳಿದರ್ಧ ನಾಯಿ ಬಂದಿದ್ದರಿಂದ ಲಭ್ಯವಾಗಲಿಲ್ಲ. ನನ್ನ ಹೆಂಡತಿ ಈಡಿತ್, ಏನೂ ಇಲ್ಲ. ಬೂಟು ಬಿಚ್ಚಿ ಒಳಗೆ ಬನ್ನಿ ಅಂದ್ಲು."

ಹೀಗೆ ನಲವತ್ತಾರು ಜೋಕುಗಳ ದಾಖಲೆಯನ್ನೂ ಅವನು ಓದಿದ, ಒಂದನ್ನೂ ಬಿಡದೆ. ಹದಿನಾಲ್ಕು ನಿಮಿಷ. ಜನ ಸೀಟು ಹಿಡಿದುಕೊಂಡು ನಕ್ಕರು, ಪಕ್ಕದವರನ್ನು ಹಿಡಿದುಕೊಂಡು ನಕ್ಕರು. ಗಾಜಿನ ಕೋಣೆಯವರೂ ಗಾಜಿಗೆ ಹಣೆ ಆನಿಸಿ ನಕ್ಕರು. ನಗದವರು ಮೂವರೇ: ಹೊರೇಸ್, ಬ್ರೆಂಡಾ, ನೆವಿಲ್. ಓದಿ ಮುಗಿಸಿ, ಊರೇ ತನ್ನನ್ನು ಗೇಲಿ ಮಾಡಿತೆಂದುಕೊಂಡು ಹೊರೇಸ್ ಕುಗ್ಗಿ ಕೂತ. ಆಮೇಲೆ ನಾಟಕ ಮುಂದುವರಿಯಿತು. ನಾವು ಕೊನೆಯವರೆಗೂ ಗಂಭೀರವಾಗಿ ಕೇಳಿ, ಮುಗಿದ ಮೇಲೆ ಮರ್ಯಾದೆಗೆ ಚಪ್ಪಾಳೆ ತಟ್ಟಿ ಬಸ್ಸು ಹತ್ತಿದೆವು.

ಮರುದಿನ ಶುಕ್ರವಾರ. ನೆವಿಲ್ ಸೋಮವಾರಕ್ಕೆಂದು ಕಚೇರಿಯ ಕೋಟು ಇಸ್ತ್ರಿ ಮಾಡಿಸಿದ. ಹೊರೇಸ್ ನನ್ನ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು, "ಮೀಸೆ ಪೂರ್ತಿ ತೆಗೆದುಬಿಡು," ಎಂದ. ನಾನು ತೆಗೆಯಲಿಲ್ಲ. ಗಂಡಸು ದುಃಖದಲ್ಲಿ ಹೇಳಿದ ಕ್ಷೌರವನ್ನು ಮಾಡಬಾರದು ಎಂಬುದು ನಮ್ಮ ಕಸುಬಿನ ನಿಯಮ.

ಶನಿವಾರ ಮಧ್ಯಾಹ್ನ ಈಡಿತ್ ಅಂಗಡಿಗೆ ಓಡಿ ಬಂದು, ಅರ್ಧ ಬೋಳಿಸಿದ್ದ ಗಿರಾಕಿಯನ್ನು ಬಿಡಿಸಿ ನನ್ನನ್ನು ಎಳೆದುಕೊಂಡು ಹೋದಳು. ಅವರ ಮುಂದಿನ ಕೋಣೆಯಲ್ಲಿ ನಿರ್ಮಾಪಕ ಆರ್ಡ್ ಮೊಣಕಾಲ ಮೇಲೆ ಚಹಾ ಬಟ್ಟಲಿಟ್ಟುಕೊಂಡು ಕೂತಿದ್ದ. ಮೇಜಿನ ಮೇಲೆ ಒಂದು ಕಾಗದವಿತ್ತು. ಬ್ರೆಂಡಾ, ನೆವಿಲ್ ಇಬ್ಬರೂ ಗೋಡೆಗೆ ಆತು ನಿಂತಿದ್ದರು.

"ನಾಟಕ ಚೆನ್ನಾಗಿ ಬಂದಿದೆ, ನಟರೂ ಚೆನ್ನಾಗಿ ಮಾಡಿದಾರೆ," ಎನ್ನುತ್ತಿದ್ದ ಆರ್ಡ್. "ನಗು ಒಂದೇ ಇಲ್ಲ. ಆದ್ರೆ ಇವರು ಓದುವಾಗ ಮೈಕು ಚಾಲೂ ಇತ್ತು. ಹದಿನಾಲ್ಕು ನಿಮಿಷದ ನಗು ಬೇರೆ ಟೇಪಲ್ಲಿ ಕೂತಿದೆ. ಇಪ್ಪತ್ತು ವರ್ಷ ಆಯ್ತು ನಾನು ಈ ಕೆಲಸಕ್ಕೆ ಬಂದು, ಇಂಥ ನಗು ಕೇಳಿಲ್ಲ. ಅದನ್ನ ಕತ್ತರಿಸಿ ಜೋಕುಗಳ ಹಿಂದೆ ಅಂಟಿಸಿದ್ರೆ ಮೇಲಿನೋರು ಆರು ಕಂತು ಕೊಟ್ಟೇ ಕೊಡ್ತಾರೆ. ಅಲ್ಲಲ್ಲಿ ಇವರ ದನಿಯೂ ಸೇರಿದೆ, ಅದಕ್ಕೇ ಇವರ ಒಂದು ಸಹಿ ಬೇಕು. ಅಷ್ಟೇ."

"ಒಂದು ತಕ್ಕಡಿ ಸರಕನ್ನ ಇನ್ನೊಂದು ತಕ್ಕಡಿಗೆ ಹಾಕೋದು," ಎಂದ ಹೊರೇಸ್. "ಇದಕ್ಕೆ ನಾನು ಎಷ್ಟು ಜನರನ್ನ ಕೋರ್ಟಿಗೆ ಎಳೆದಿದೀನಿ ಗೊತ್ತಾ ನಿಮಗೆ?"

"ಅಲ್ಲಾ ರೀ," ಎಂದಳು ಈಡಿತ್, "ಕೆಡಿಸಿದೋರು ನೀವು. ಸರಿ ಮಾಡೋಕೆ ದೇವರೇ ಕುರಿ ಕೋಟು ಹಾಕ್ಕೊಂಡು ಮನೆಗೆ ಬಂದಿದಾನೆ. ಸಹಿ ಹಾಕೋಕೆ ಏನು ರೋಗ?"

"ಅಮ್ಮ, ಬಲವಂತ ಮಾಡಬೇಡ," ಎಂದಳು ಬ್ರೆಂಡಾ. "ಅಪ್ಪ ಸುಳ್ಳು ತೂಕಕ್ಕೆ ಸಹಿ ಹಾಕಿದ್ರೆ ಆಮೇಲೆ ಅವರು ಅಪ್ಪಾನೇ ಆಗಿರಲ್ಲ. ನೆವಿಲ್ ಗಿರಣಿಗೆ ಹೋಗ್ಲಿ. ನಾನು ಕಾಯ್ತೀನಿ."

ಈ ಮಾತು ಹೊರೇಸ್‌ಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅವನು ಎದ್ದು ಹಿತ್ತಲಿನ ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡ. ಇಪ್ಪತ್ತು ನಿಮಿಷ ನಾವೆಲ್ಲ ಆರ್ಡ್‌ನ ಚಹಾ ಆರುವುದನ್ನು ನೋಡುತ್ತ ಕೂತೆವು. ಬಂದವನು ನಿಂತುಕೊಂಡೇ ವಿಚಾರಣೆ ಶುರುಮಾಡಿದ.

"ನಿರ್ಮಾಪಕರೇ, ಆ ನಗು ಅಸಲಿಯಾ?"

"ನೂರಕ್ಕೆ ನೂರು."

"ಎಬ್ಬಿಸಿದ್ದು ಯಾರು?"

"ನೀವೇ."

"ಹಾಗಾದ್ರೆ ಅದು ಯಾರ ಸೊತ್ತು?"

ಆರ್ಡ್ ಕಕ್ಕಾಬಿಕ್ಕಿಯಾಗಿ ನನ್ನನ್ನು ನೋಡಿದ. ನಾನು ಹೂಂ ಅನ್ನು ಎಂದು ಕಣ್ಣು ಮಾಡಿದೆ. "ನಿಮ್ಮದೇ... ಅಂತ ಹೇಳಬಹುದು," ಎಂದ.

"ನನ್ನ ಸೊತ್ತನ್ನ ನಾನು ಮಾರಿದ್ರೆ ತಾನೇ ತೂಕದ ಕಾನೂನು? ಯಾರಿಗಾದ್ರೂ ಕೊಟ್ಟುಬಿಟ್ರೆ? ಅವರು ಅದನ್ನ ತಮಗೆ ಬೇಕಾದ ಕಡೆ ಇಟ್ಕೋಬಹುದಲ್ವಾ?"

"ಬೇಕಾದ ಕಡೆ," ಎಂದ ಆರ್ಡ್.

ಹೊರೇಸ್ ಅವನ ಕಾಗದವನ್ನು ಬದಿಗೆ ಸರಿಸಿ ತನ್ನದೇ ಕಾಗದ ತೆಗೆದು ಬರೆದ. ಬರೆದದ್ದನ್ನು ಗಟ್ಟಿಯಾಗಿ ಓದಿದ. "ಹೊರೇಸ್ ಲಂಬ್ ಆದ ನಾನು, ಹದಿನಾಲ್ಕು ನಿಮಿಷದ ನಗುವನ್ನು, ಅಸಲಿ, ಪೂರ್ತಿ ತೂಕ, ನನ್ನ ಮಗಳು ಬ್ರೆಂಡಾಳಿಗೆ ಮದುವೆಯ ಉಡುಗೊರೆಯಾಗಿ ಕೊಟ್ಟಿದ್ದೇನೆ. ಅವಳೂ ಅವಳ ಗಂಡನೂ ಅದನ್ನು ಎಲ್ಲಿ ಬೇಕಾದರೂ ಬಳಸತಕ್ಕದ್ದು. ಇನ್ನು ಮೇಲೆ ನನ್ನ ತಕರಾರಿಲ್ಲ." ಸಾಕ್ಷಿಯಾಗಿ ನಾನು ರುಜು ಹಾಕಿದೆ, ಕೈಗೆ ಸೋಪಿನ ನೊರೆ ಹತ್ತಿದ್ದರಿಂದ ನನ್ನ ಹೆಸರು ಸ್ವಲ್ಪ ಅಳಿಸಿದೆ. ಬ್ರೆಂಡಾ ಅಪ್ಪನ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟಳು. ಅವನು ಅವಳ ಬೆನ್ನು ತಟ್ಟುತ್ತ, "ಆಯ್ತು, ಆಯ್ತು, ಮಸಿ ಇನ್ನೂ ಒಣಗಿಲ್ಲ," ಎಂದ. ನನಗೂ ಕಣ್ಣು ಮಂಜಾಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಆರು ಕಂತು ಬಂತು. ಅವುಗಳ ರೆಕಾರ್ಡಿಂಗಿಗೆ ಥಾರ್ನ್‌ಬ್ರಿಗ್‌ನವರನ್ನು ಯಾರೂ ಕರೆಯಲಿಲ್ಲ. ಸೆಪ್ಟೆಂಬರಿನಲ್ಲಿ ಮದುವೆಯಾಯಿತು, ಅಕ್ಟೋಬರಿನಲ್ಲಿ ಮೊದಲ ಕಂತು ಪ್ರಸಾರವಾಯಿತು. ಬೀದಿಯ ಜನವೆಲ್ಲ ಲಂಬ್ ಮನೆಯ ಮುಂದಿನ ಕೋಣೆಯಲ್ಲಿ ತುಂಬಿಕೊಂಡೆವು. ಹೊಸ ಮದುಮಕ್ಕಳು ಸೋಫಾದಲ್ಲಿ, ಡೋರಿಸ್ ಅವರ ಪಕ್ಕದಲ್ಲಿ, ನಾನು ಕಲ್ಲಿದ್ದಲ ಡಬ್ಬಿಯ ಮೇಲೆ. ಪರದೆಯ ಮೇಲೆ ಅಲಮಾರಿಯೊಳಗಿಂದ ತುತ್ತೂರಿ ಕೇಳಿಸಿತು. ವಿಧವೆ ಉಣ್ಣೆ ಕೋಟಿನ ಹುಳದ ಮಾತು ಹೇಳಿದಳು. ಹೇಳಿ ಮುಗಿಸಿದ್ದೇ ತಡ, ಟೆಲಿವಿಷನ್ ಪೆಟ್ಟಿಗೆಯೇ ನಡುಗುವಂತೆ ನಗು ಎದ್ದಿತು. ಅದರ ನಡುವೆ ಕೋಳಿ ಕೂಗಿ ಕೆಮ್ಮಿದ್ದು ಸ್ಪಷ್ಟವಾಗಿ ಕೇಳಿಸಿತು.

ಡೋರಿಸ್ ನೆಟ್ಟಗೆ ಕೂತಳು. "ಅದು ನಾನು. ಅದು ನನ್ನ ನಗು. ಆದ್ರೆ ಹೊರೇಸ್, ಆವತ್ತು ಇದಕ್ಕೆ ನಾನು ನಕ್ಕೇ ಇರ್ಲಿಲ್ಲ."

ಕೋಣೆಯಲ್ಲಿ ಎಲ್ಲರೂ ಹೊರೇಸ್‌ನ ಮುಖ ನೋಡಿದೆವು. ಸುಳ್ಳಾಡಿ ಗೊತ್ತಿಲ್ಲದ ಮನುಷ್ಯ. ಅವನು ಪರದೆಯಿಂದ ಕಣ್ಣು ಕೀಳದೆ ಹೇಳಿದ.

"ಆ ನಗು ಈಗ ನಿನ್ನದಲ್ಲ ಡೋರಿಸ್. ನಮ್ಮ ಹುಡುಗೀದು."